ಗೆಜೀರಾ ಗೆದ್ದವರು ಖಾರ್ಟೂಮ್ ಕಳೆದುಕೊಂಡಿದ್ದು ಹೇಗೆ? ಸುಡಾನ್ ಯುದ್ಧದ ಬಗ್ಗೆ ಮಾತಾಡೋಣ

#1 ನೀಲಿ ನೈಲ್

ಸುಡಾನ್ ಯುದ್ಧದ ಬಗ್ಗೆ ಕನ್ನಡದಲ್ಲಿ ಬಿಡಿ ಸುದ್ದಿ ಬರುತ್ತವೆ. ಕೂತು ಚರ್ಚೆ ಮಾಡಿದ್ದು ಕಡಿಮೆ. ಅದಕ್ಕೇ ಈ ವಿಷಯ ತೆಗೆದಿದ್ದೇನೆ. ತಿಳಿದವರು ದಯವಿಟ್ಟು ಬರೆಯಿರಿ.

ಮೊದಲು ಹಿನ್ನೆಲೆ. ಆ ದೇಶದಲ್ಲಿ ಎರಡು ಸೈನ್ಯ ಇದ್ದವು. ಒಂದು ಸರ್ಕಾರಿ ಸೇನೆ, ಅದರ ಮುಖ್ಯಸ್ಥ ಜನರಲ್ ಬುರ್ಹಾನ್. ಇನ್ನೊಂದು ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆ, ಅದರ ಒಡೆಯ ಮೊಹಮ್ಮದ್ ಹಮ್ದಾನ್ ದಗಲೋ. ಎಲ್ಲರೂ ಕರೆಯುವುದು ಹೆಮೆಟ್ಟಿ ಅಂತ. 2003ರ ನಂತರ ದೇಶದ ಪಶ್ಚಿಮದ ದಾರ್ಫುರ್‌ನಲ್ಲಿ ಹಳ್ಳಿ ಹಳ್ಳಿ ಸುಟ್ಟ ಜಂಜವೀದ್ ಗುಂಪುಗಳಿಂದಲೇ 2013ರಲ್ಲಿ ಸರ್ಕಾರ ಈ ಪಡೆ ಕಟ್ಟಿತು. ಆರ್‌ಎಸ್‌ಎಫ್ ಅನ್ನು ಸೇನೆಯಲ್ಲಿ ಯಾವಾಗ ಸೇರಿಸಬೇಕು ಎಂಬುದೇ ಜಗಳ. ಸೇನೆ ಎರಡು ವರ್ಷ ಎಂದಿತು, ಹೆಮೆಟ್ಟಿ ಹತ್ತು ವರ್ಷ ಎಂದ. 2023ರ ಏಪ್ರಿಲ್ 15ರಂದು ರಾಜಧಾನಿ ಖಾರ್ಟೂಮ್‌ನಲ್ಲಿ ಯುದ್ಧ ಶುರುವಾಯಿತು.

ಆ ವರ್ಷದ ಕೊನೆಗೆ ಆರ್‌ಎಸ್‌ಎಫ್ ಗೆದ್ದೇಬಿಟ್ಟಿತು ಎಂದು ತುಂಬಾ ಜನ ಬರೆದಿದ್ದರು. ಖಾರ್ಟೂಮ್‌ನ ಹೆಚ್ಚಿನ ಭಾಗ, ವಿಮಾನ ನಿಲ್ದಾಣ, ಅಧ್ಯಕ್ಷರ ಅರಮನೆ ಎಲ್ಲ ಅವರ ಕೈಯಲ್ಲಿ. ಬುರ್ಹಾನ್ ತಮ್ಮದೇ ಪ್ರಧಾನ ಕಚೇರಿಯೊಳಗೆ ಆಗಸ್ಟ್ ತನಕ ಸಿಕ್ಕಿಬಿದ್ದಿದ್ದರು. ಸರ್ಕಾರ ಕೆಂಪು ಸಮುದ್ರದ ಪೋರ್ಟ್ ಸುಡಾನ್‌ಗೆ ಹೋಯಿತು. ಅಕ್ಟೋಬರ್ 26ಕ್ಕೆ ದಾರ್ಫುರ್‌ನ ನ್ಯಾಲಾ ಬಿತ್ತು. ಮುಂದಿನ ಕೆಲವೇ ವಾರಗಳಲ್ಲಿ ಜಾಲಿಂಗೈ, ಎಲ್ ಜನೈನಾ, ಎಲ್ ದಾಯೀನ್ ಬಿದ್ದವು. ದಾರ್ಫುರ್‌ನಲ್ಲಿ ಸೇನೆಗೆ ಉಳಿದ ದೊಡ್ಡ ಊರು ಎಲ್ ಫಾಶರ್ ಒಂದೇ. ಡಿಸೆಂಬರ್ 18ಕ್ಕೆ ಖಾರ್ಟೂಮ್‌ನ ದಕ್ಷಿಣದ ಗೆಜೀರಾ ರಾಜ್ಯದ ರಾಜಧಾನಿ ವಾದ್ ಮದನಿಯೂ ಹೋಯಿತು. ಅಲ್ಲಿದ್ದ ಸೇನೆ ಹೆಚ್ಚು ಹೋರಾಡದೆ ಊರು ಬಿಟ್ಟಿತು.

ಆದರೆ 2025ರ ಜನವರಿ 11ಕ್ಕೆ ಸೇನೆ ವಾದ್ ಮದನಿಗೆ ವಾಪಸ್ ಬಂತು. ಮಾರ್ಚ್ 21ಕ್ಕೆ ಅರಮನೆ, 26ಕ್ಕೆ ವಿಮಾನ ನಿಲ್ದಾಣ. ಮೇ 20ಕ್ಕೆ ಖಾರ್ಟೂಮ್ ರಾಜ್ಯ ಪೂರ್ತಿ ತೆರವಾಯಿತು ಎಂದು ಸೇನೆ ಹೇಳಿತು.

ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಆರ್‌ಎಸ್‌ಎಫ್ ಸೋತಿದ್ದು ಖಾರ್ಟೂಮ್‌ನಲ್ಲಿ ಅಲ್ಲ, ಗೆಜೀರಾದಲ್ಲಿ. ಅದೂ ಗೆದ್ದ ಮೇಲೆ. ವಾದ್ ಮದನಿ ಆಗ ಖಾರ್ಟೂಮ್‌ನಿಂದ ಓಡಿಬಂದ ಲಕ್ಷಾಂತರ ಜನರಿಗೆ ಆಸರೆಯಾಗಿತ್ತು. ಊರು ಬಿದ್ದ ಕೆಲವೇ ದಿನಗಳಲ್ಲಿ ಸುಮಾರು 3 ಲಕ್ಷ ಜನ ಮತ್ತೆ ಗಂಟುಮೂಟೆ ಕಟ್ಟಿದರು. ವಿಶ್ವ ಆಹಾರ ಕಾರ್ಯಕ್ರಮದ ಗೋದಾಮು ಲೂಟಿಯಾಯಿತು. ಸುಮಾರು 15 ಲಕ್ಷ ಜನರಿಗೆ ಒಂದು ತಿಂಗಳಿಗೆ ಆಗುವಷ್ಟು ಆಹಾರ ಅಲ್ಲಿತ್ತು. ಆಮೇಲೆ ಹಳ್ಳಿಗಳ ಸರದಿ. ಕಾರು, ಟ್ರಾಕ್ಟರ್, ಬಂಗಾರ, ದನಕರು ಏನನ್ನೂ ಬಿಡಲಿಲ್ಲ. 2024ರ ಜೂನ್ 5ರಂದು ವಾದ್ ಅಲ್ ನೂರಾ ಎಂಬ ಒಂದೇ ಹಳ್ಳಿಯಲ್ಲಿ ನೂರಕ್ಕೂ ಹೆಚ್ಚು ಜನರನ್ನು ಕೊಂದರು. ಯುದ್ಧಕ್ಕೆ ಸಂಬಂಧವೇ ಇಲ್ಲದ ರೈತರನ್ನು ಅವರೇ ತಮ್ಮ ಎದುರಾಳಿಗಳನ್ನಾಗಿ ಮಾಡಿಕೊಂಡರು. ಇದನ್ನು ಒಪ್ಪದವರು ಇದ್ದರೆ ಖಂಡಿತ ಬರೆಯಿರಿ.

#2 ಭೂಪಟ ನೋಡುವವ

ಒಳ್ಳೆಯ ವಿಷಯ ತೆಗೆದಿರಿ ಸರ್. ಆದರೆ ಪೂರ್ತಿ ಒಪ್ಪುವುದಿಲ್ಲ. ಜನರಿಗೆ ಸಿಟ್ಟು ಬಂದರೆ ಸಾಕಾಗಲ್ಲ. ದಾರ್ಫುರ್ ಜನಕ್ಕೂ ಸಿಟ್ಟಿತ್ತು. ಎಲ್ ಜನೈನಾದಲ್ಲಿ ಮಸಾಲಿತ್ ಬುಡಕಟ್ಟಿನ ಜನರನ್ನು ಕೊಂದಿದ್ದು ಗೆಜೀರಾಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಆ ಒಂದು ಊರಿನಲ್ಲಿ 10,000ದಿಂದ 15,000 ಜನ ಸತ್ತಿರಬಹುದು ಎಂದು ವಿಶ್ವಸಂಸ್ಥೆಯ ತಜ್ಞರ ಸಮಿತಿಯೇ ಹೇಳಿದೆ. ಆದರೂ ಅಲ್ಲಿ ಸೇನೆ ವಾಪಸ್ ಬರಲಿಲ್ಲ ಅಲ್ವಾ?

ಖಾರ್ಟೂಮ್ ಭೂಪಟವನ್ನು ಒಮ್ಮೆ ತೆರೆದು ನೋಡಿ. ಅದು ಒಂದು ಊರಲ್ಲ, ಮೂರು. ನೀಲಿ ನೈಲ್ ಮತ್ತು ಬಿಳಿ ನೈಲ್ ಸೇರುವ ಜಾಗದಲ್ಲಿ ದಕ್ಷಿಣಕ್ಕೆ ಖಾರ್ಟೂಮ್, ಉತ್ತರಕ್ಕೆ ಬಹ್ರಿ, ಪಶ್ಚಿಮಕ್ಕೆ ಓಮ್ದುರ್ಮಾನ್. ಮೂರನ್ನೂ ಸೇರಿಸುವುದು ಸೇತುವೆಗಳು. ಆದ್ದರಿಂದ ಅಲ್ಲಿನ ಯುದ್ಧ ಸೇತುವೆಗಳ ಯುದ್ಧ. ಆರ್‌ಎಸ್‌ಎಫ್ ಹತ್ತಿರ ವೇಗದ ಪಿಕಪ್ ಗಾಡಿಗಳಿದ್ದವು, ಬೀದಿ ಕಾಳಗದ ಅನುಭವ ಇತ್ತು. ಸೇನೆಯ ಹತ್ತಿರ ವಿಮಾನ, ಫಿರಂಗಿ, ಟ್ಯಾಂಕ್ ಇದ್ದವು. ಆದರೆ ಕಾಲಾಳುಗಳು ಕಡಿಮೆ. ಅದಕ್ಕೇ ಸೇನೆ ತನ್ನ ಕೆಲವು ನೆಲೆಗಳೊಳಗೆ ಕೂತು ಮುತ್ತಿಗೆ ತಡೆದುಕೊಂಡಿತು. ನಗರದ ನಡುವೆ ಪ್ರಧಾನ ಕಚೇರಿ, ದಕ್ಷಿಣಕ್ಕೆ ಶಜರಾದಲ್ಲಿ ಟ್ಯಾಂಕ್ ದಳದ ನೆಲೆ, ಬಹ್ರಿಯಲ್ಲಿ ಸಿಗ್ನಲ್ ದಳ, ಓಮ್ದುರ್ಮಾನ್‌ನಲ್ಲಿ ಎಂಜಿನಿಯರ್ ದಳ. ಒಬ್ಬರಿಂದ ಒಬ್ಬರಿಗೆ ದಾರಿ ಇಲ್ಲ.

2023ರ ನವೆಂಬರ್ 11ರಂದು ಓಮ್ದುರ್ಮಾನ್‌ಗೂ ಬಹ್ರಿಗೂ ನಡುವಿನ ಶಂಬಾತ್ ಸೇತುವೆ ಮುರಿದುಬಿತ್ತು. ಕೆಡವಿದ್ದು ನೀನು ಎಂದು ಇಬ್ಬರೂ ಪರಸ್ಪರ ಬೆರಳು ತೋರಿಸಿದರು. ಆದರೆ ಪರಿಣಾಮ ಸ್ಪಷ್ಟ. ಓಮ್ದುರ್ಮಾನ್‌ನಲ್ಲಿದ್ದ ಆರ್‌ಎಸ್‌ಎಫ್‌ಗೆ ನದಿಯಾಚೆಯಿಂದ ಸಾಮಾನು ಬರುವುದು ಕಷ್ಟವಾಯಿತು. ಸೇನೆಯ ಮೊದಲ ದೊಡ್ಡ ಗೆಲುವು ಬಂದದ್ದೂ ಅಲ್ಲೇ. 2024ರ ಫೆಬ್ರವರಿಯಲ್ಲಿ ಎಂಜಿನಿಯರ್ ದಳದ ಮುತ್ತಿಗೆ ಮುರಿಯಿತು. ಮಾರ್ಚ್ 12ಕ್ಕೆ ರೇಡಿಯೋ ಮತ್ತು ಟಿವಿ ಕಟ್ಟಡ ವಾಪಸ್ ಸಿಕ್ಕಿತು. ಆ ಹೊತ್ತಿಗೆ ಇರಾನ್ ಕೊಟ್ಟ ಡ್ರೋನ್‌ಗಳು ಸೇನೆಯ ಕೈಗೆ ಬಂದಿದ್ದವು. ಆಮೇಲೆ ಟರ್ಕಿಯವೂ ಬಂದವು.

ಆ ವರ್ಷ ಸೆಪ್ಟೆಂಬರ್ 26ರ ಬೆಳಗಿನ ಜಾವ ಸೇನೆ ಸೇತುವೆಗಳನ್ನು ದಾಟಿತು. ಓಮ್ದುರ್ಮಾನ್‌ನಿಂದ ಹಲ್ಫಾಯಾ ಸೇತುವೆ ಮೇಲೆ ಬಹ್ರಿಗೆ, ಬಿಳಿ ನೈಲ್ ಸೇತುವೆ ಮೇಲೆ ಖಾರ್ಟೂಮ್‌ಗೆ. ಅಲ್ಲಿಂದ ಒಂದೊಂದೇ ಬೀದಿ. ಸೂಜಿಯಲ್ಲಿ ನೆಲ ಅಗೆಯುತ್ತಿದ್ದೇವೆ ಎಂದು ಸೇನೆಯವರು ಹೇಳುತ್ತಿದ್ದರು. 2025ರ ಜನವರಿ 24ಕ್ಕೆ ಸಿಗ್ನಲ್ ದಳದ ನೆಲೆಗೂ ಪ್ರಧಾನ ಕಚೇರಿಗೂ ದಾರಿ ಸಿಕ್ಕಿತು. ಇಪ್ಪತ್ತೊಂದು ತಿಂಗಳು ಮುತ್ತಿಗೆಯಲ್ಲಿದ್ದ ಕಚೇರಿ ಅದು. ಮಾರ್ಚ್‌ನಲ್ಲಿ ಟ್ಯಾಂಕ್ ದಳದವರು ದಕ್ಷಿಣದಿಂದ ಬಂದು ಸೇರಿದ ಮೇಲೆ ಅರಮನೆಯಲ್ಲಿದ್ದವರಿಗೆ ಉಳಿದ ದಾರಿ ತೀರಾ ಕಡಿಮೆ. ಕೊನೆಗೆ ಆರ್‌ಎಸ್‌ಎಫ್ ಹೋಗಿದ್ದು ಜಬಲ್ ಅವ್ಲಿಯಾ ಅಣೆಕಟ್ಟೆಯ ಮೇಲಿನ ಸೇತುವೆ ದಾಟಿ ಪಶ್ಚಿಮಕ್ಕೆ.

ಹಾಗಾಗಿ ನನ್ನ ಲೆಕ್ಕದಲ್ಲಿ ಇದು ತಾಳ್ಮೆ, ಡ್ರೋನ್, ಸೇತುವೆ. ಈ ಮೂರರ ಗೆಲುವು.

#3 ನೀಲಿ ನೈಲ್

@ಭೂಪಟ ನೋಡುವವ, ಸೇತುವೆ ದಾಟಲು ಕಾಲಾಳು ಬೇಕಲ್ಲ ಸರ್. ಸೇನೆಗೆ ಇಲ್ಲದೇ ಇದ್ದದ್ದೇ ಅದು. ಎಲ್ಲಿಂದ ಬಂದರು? ಗೆಜೀರಾ ಬಿದ್ದ ಮೇಲೆ ಉತ್ತರದ ಮತ್ತು ಪೂರ್ವದ ಊರುಗಳಲ್ಲಿ ಜನ ತಾವಾಗಿ ಬಂದೂಕು ಕೇಳಿಕೊಂಡು ಬಂದರು. ಮುಂದಿನ ಸರದಿ ನಮ್ಮದು ಎಂಬ ಭಯ. ಹಾಗೆ ಸೇರಿದ ಸ್ವಯಂಸೇವಕರನ್ನು ಅಲ್ಲಿ ಮುಸ್ತನ್ಫರೀನ್ ಎನ್ನುತ್ತಾರೆ. ಇಸ್ಲಾಮಿಸ್ಟ್ ಗುಂಪುಗಳೂ ಬಂದವು, ಅಲ್ ಬರಾ ಬಿನ್ ಮಾಲಿಕ್ ದಳ ಅದರಲ್ಲಿ ಹೆಸರಾದದ್ದು. ದಾರ್ಫುರ್‌ನ ಮಾಜಿ ಬಂಡುಕೋರ ನಾಯಕರಾದ ಮಿನ್ನಿ ಮಿನ್ನಾವಿ ಮತ್ತು ಜಿಬ್ರೀಲ್ ಇಬ್ರಾಹಿಂ ಅವರ ಪಡೆಗಳು 2023ರ ನವೆಂಬರ್‌ನಲ್ಲೇ ಸೇನೆಯ ಪರ ನಿಂತಿದ್ದವು. ಇವರೆಲ್ಲ ಇಲ್ಲದೆ ಡ್ರೋನ್ ಒಂದೇ ಬೀದಿ ಹಿಡಿಯಲ್ಲ.

ಇನ್ನು ಕೆಯ್ಕಲ್ ವಿಷಯ. ಗೆಜೀರಾದವನೇ ಆದ ಅಬು ಆಖ್ಲಾ ಕೆಯ್ಕಲ್ ಆರ್‌ಎಸ್‌ಎಫ್ ಪರವಾಗಿ ಆ ರಾಜ್ಯ ಹಿಡಿದ ಸೇನಾನಿ. 2024ರ ಅಕ್ಟೋಬರ್ 20ರಂದು ತನ್ನವರನ್ನು ಕರೆದುಕೊಂಡು ಸೇನೆಯ ಕಡೆಗೆ ಹಾರಿದ. ಮರುದಿನದಿಂದಲೇ ಆರ್‌ಎಸ್‌ಎಫ್ ಅವನ ಊರುಗಳ ಮೇಲೆ ಸೇಡು ತೀರಿಸಿಕೊಂಡಿತು. ರುಫಾಅ, ತಂಬೂಲ್, ಅಲ್ ಸರೀಹಾ. ಸರೀಹಾ ಒಂದರಲ್ಲೇ 124 ಜನ ಸತ್ತರು ಎಂದು ಅಲ್ಲಿನ ಕಾರ್ಯಕರ್ತರು ಹೇಳಿದರು. ಒಂದೇ ವಾರದಲ್ಲಿ ಲಕ್ಷಕ್ಕೂ ಹೆಚ್ಚು ಜನ ಊರು ಬಿಟ್ಟರು. ಆಮೇಲೆ ನವೆಂಬರ್ 23ಕ್ಕೆ ಪಕ್ಕದ ಸೆನ್ನಾರ್ ರಾಜ್ಯದ ರಾಜಧಾನಿ ಸಿಂಜಾ, ಜನವರಿಗೆ ವಾದ್ ಮದನಿ ಸೇನೆಗೆ ವಾಪಸ್ ಸಿಕ್ಕವು. ಗೆಜೀರಾ ಕೈತಪ್ಪಿದ ಮೇಲೆ ಖಾರ್ಟೂಮ್‌ನಲ್ಲಿದ್ದ ಆರ್‌ಎಸ್‌ಎಫ್‌ಗೆ ದಕ್ಷಿಣದ ಬೆನ್ನೇ ಇಲ್ಲ.

#4 ಸಿಂಧನೂರು ಎಡದಂಡೆ

ನಾನು ಯುದ್ಧದ ವಿಷಯ ತಿಳಿದವನಲ್ಲ. ಗೆಜೀರಾ ಎಂಬ ಹೆಸರು ನೋಡಿ ಬಂದೆ. ಕೃಷಿ ಓದುವಾಗ ನಮಗೆ ಗೆಜೀರಾ ಯೋಜನೆ ಪಾಠದಲ್ಲಿತ್ತು.

ಬ್ರಿಟಿಷರ ಕಾಲದಲ್ಲಿ, 1925ರಲ್ಲಿ, ನೀಲಿ ನೈಲ್‌ಗೆ ಸೆನ್ನಾರ್‌ನಲ್ಲಿ ಅಣೆಕಟ್ಟೆ ಕಟ್ಟಿ ಎರಡು ನದಿಗಳ ನಡುವಿನ ಬಯಲಿಗೆ ಕಾಲುವೆ ತಂದರು. ಲ್ಯಾಂಕಾಶೈರ್ ಗಿರಣಿಗಳಿಗೆ ಹತ್ತಿ ಬೇಕಿತ್ತು. ಆ ಬಯಲು ದಕ್ಷಿಣದಿಂದ ಉತ್ತರಕ್ಕೆ ಬಹಳ ಸಣ್ಣಗೆ ಇಳಿಜಾರು. ಅದಕ್ಕೆ ಪಂಪು ಬೇಡ, ನೀರು ತಾನಾಗಿ ಹರಿಯುತ್ತದೆ. ಈಗ ಸುಮಾರು 22 ಲಕ್ಷ ಎಕರೆ. ನಮ್ಮ ಹಾಗೆಯೇ ಕರಿ ಮಣ್ಣು. ಬೆಳೆಯೂ ನಮ್ಮ ಕಡೆಯದೇ: ಹತ್ತಿ, ಜೋಳ, ಶೇಂಗಾ, ಗೋಧಿ.

ಕಾಲುವೆ ನೀರಾವರಿ ಹೇಗೆ ನಡೆಯುತ್ತದೆ ಎಂದು ಗೊತ್ತಿದ್ದವರಿಗೆ ಅಲ್ಲಿ ಏನಾಗಿರಬಹುದು ಎಂದು ಹೇಳಬೇಕಾಗಿಲ್ಲ. ತುಂಗಭದ್ರಾ ಎಡದಂಡೆಯಲ್ಲಿ ಮೇಲಿನವರು ಒಂದು ಗೇಟು ಎತ್ತಿದರೆ ಕೊನೆಭಾಗದ ರೈತರ ಗದ್ದೆ ಒಣಗುತ್ತದೆ. ಗೇಟು ನೋಡುವವನು ಬೇಕು, ಹೂಳು ಎತ್ತಬೇಕು, ಸಾಲ ಸಿಗಬೇಕು, ಬೀಜ ಗೊಬ್ಬರ ಹೊತ್ತಿಗೆ ಬರಬೇಕು. ಒಂದು ವರ್ಷ ಬಿಟ್ಟರೆ ಕಾಲುವೆ ತುಂಬಾ ಆಪು, ಜಾಲಿ. ಅಲ್ಲಿ ಒಂದು ಇಡೀ ವರ್ಷ ಬಂದೂಕು ಹಿಡಿದವರು ಟ್ರಾಕ್ಟರ್ ಒಯ್ದರು, ಡೀಸೆಲ್ ಒಯ್ದರು. ನೀರು ಬಿಡುವ ನೌಕರರು ಓಡಿಹೋದರು. ಊರು ಹಿಡಿದವರಿಗೆ ಅದರ ಬೆಳೆ ಏನು, ನೀರು ಹೇಗೆ ಬರುತ್ತದೆ ಎಂಬ ಕಾಳಜಿ ಇರಲೇಬೇಕು. ಇಲ್ಲದಿದ್ದರೆ ಅವರು ಅಲ್ಲಿ ಇರಲು ಬಂದವರಲ್ಲ ಎಂದೇ ಅರ್ಥ.

ಇನ್ನೊಂದು ಸಂಗತಿ ನನಗೆ ತುಂಬಾ ನೋವು ಕೊಟ್ಟಿತು. ವಾದ್ ಮದನಿಯಲ್ಲಿ ಸುಡಾನ್‌ನ ಕೃಷಿ ಸಂಶೋಧನಾ ಸಂಸ್ಥೆ ಇದೆ. ಅಲ್ಲೇ ಅವರ ರಾಷ್ಟ್ರೀಯ ಬೀಜ ಭಂಡಾರ. ಜೋಳ ಮತ್ತು ಸಜ್ಜೆಯ ನಾಟಿ ತಳಿಗಳನ್ನು ಹಳ್ಳಿ ಹಳ್ಳಿ ಸುತ್ತಿ ಕೂಡಿಸಿದ್ದರು. ಜೋಳದ ಮೂಲ ನೆಲವೇ ಆ ಕಡೆಯದು. ನಾವು ತಿನ್ನುವ ರೊಟ್ಟಿಯ ಹಳೆಯ ಬೇರು ಅಲ್ಲಿದೆ. ಆ ಭಂಡಾರದ ಫ್ರೀಜರ್‌ಗಳನ್ನೂ ಲೂಟಿಕೋರರು ಬಿಡಲಿಲ್ಲ. ಫ್ರೀಜರ್ ಬೇಕಿತ್ತು, ಬೀಜವನ್ನು ನೆಲಕ್ಕೆ ಚೆಲ್ಲಿದರು. ಬೇರೆ ಕಡೆ ಉಳಿದಿದ್ದ ಕೆಲವು ತಳಿಗಳನ್ನು ಅಲ್ಲಿನ ವಿಜ್ಞಾನಿಗಳು ಕಾಪಾಡಿ 2025ರ ಫೆಬ್ರವರಿಯಲ್ಲಿ ನಾರ್ವೆಯ ಸ್ವಾಲ್ಬಾರ್ಡ್ ಭಂಡಾರಕ್ಕೆ ಕಳಿಸಿದರು. ಯುದ್ಧದ ನಡುವೆ ಬೀಜ ಹೊತ್ತು ಓಡಾಡಿದ ಆ ಜನಕ್ಕೆ ನನ್ನ ನಮಸ್ಕಾರ.

#5 ಜೆಡ್ಡಾದಲ್ಲಿ ಭಟ್ಕಳದವ

ಆಪರೇಷನ್ ಕಾವೇರಿ ಬಗ್ಗೆ ಯಾರೂ ಬರೆದಿಲ್ಲ, ನಾನು ಬರೆಯುತ್ತೇನೆ. 2023ರ ಏಪ್ರಿಲ್ 24ರಂದು ಭಾರತ ಅದನ್ನು ಶುರು ಮಾಡಿತು. ನೌಕಾಪಡೆಯ ಹಡಗುಗಳು ಪೋರ್ಟ್ ಸುಡಾನ್‌ನಿಂದ ಇಲ್ಲಿಗೆ, ಅಂದರೆ ಜೆಡ್ಡಾಗೆ, ಜನರನ್ನು ತರುತ್ತಿದ್ದವು. ಮೊದಲು ಬಂದದ್ದು ಐಎನ್ಎಸ್ ಸುಮೇಧಾ. ಬಂದವರನ್ನು ಇಲ್ಲಿನ ಭಾರತೀಯ ಶಾಲೆಯಲ್ಲಿ ಉಳಿಸಿ ಅಲ್ಲಿಂದ ವಿಮಾನ ಹತ್ತಿಸುತ್ತಿದ್ದರು. ಒಟ್ಟು 3,862 ಜನ ಹೀಗೆ ಹೊರಬಂದರು.

ನಾವು ಒಂದಷ್ಟು ಜನ ಸಹಾಯಕ್ಕೆ ಹೋಗಿದ್ದೆವು. ಬಂದವರು ಮೊದಲು ಕೇಳುತ್ತಿದ್ದದ್ದು ಫೋನ್ ಚಾರ್ಜರ್. ಆಮೇಲೆ ನೀರು. ಖಾರ್ಟೂಮ್‌ನಿಂದ ಪೋರ್ಟ್ ಸುಡಾನ್ 800 ಕಿಲೋಮೀಟರ್‌ಗೂ ಜಾಸ್ತಿ ದಾರಿ. ಬಸ್ ಸಿಗುವುದೇ ಕಷ್ಟ, ಸಿಕ್ಕರೆ ಬಾಯಿಗೆ ಬಂದ ಬೆಲೆ. ದಾರಿಯುದ್ದಕ್ಕೂ ಎರಡೂ ಕಡೆಯವರ ತಪಾಸಣೆ. ಆದರೂ ಅವರೆಲ್ಲ ಒಂದು ಮಾತು ಹೇಳುತ್ತಿದ್ದರು. ಸುಡಾನ್ ಜನ ಒಳ್ಳೆಯವರು, ನಮ್ಮ ಮನೆ ಮಾಲೀಕರೇ ನಮಗೆ ರೊಟ್ಟಿ ತಂದುಕೊಟ್ಟು ಬಸ್ಸಿಗೆ ಹತ್ತಿಸಿದರು, ಅವರಿಗೆ ಹೋಗಲು ಜಾಗ ಇರಲಿಲ್ಲ ಅಂತ. ಆ ಮಾತು ಕೇಳಿದ ಮೇಲೆ ನಾನು ಈ ಯುದ್ಧದ ಸುದ್ದಿ ಓದುವುದನ್ನು ಬಿಟ್ಟಿಲ್ಲ.

ವಾಯುಪಡೆಯ ಒಂದು ವಿಮಾನ ಓಮ್ದುರ್ಮಾನ್ ಉತ್ತರದ ವಾದಿ ಸೈಯಿದ್ನಾದಲ್ಲಿ ರಾತ್ರಿ ಇಳಿದು 121 ಜನರನ್ನು ತಂದಿತು. ಆ ನೆಲದಲ್ಲಿ ಇಳಿಯಲು ದೀಪ ಇರಲಿಲ್ಲ. ಭೂಪಟದವರು ಹೇಳಿದ ಸೇನೆಯ ತಾಳ್ಮೆಗೆ ಆಧಾರವಾಗಿದ್ದ ನೆಲೆಯೂ ಅದೇ. ಅದು ಬಿದ್ದಿದ್ದರೆ ಓಮ್ದುರ್ಮಾನ್‌ಗೆ ಸಾಮಾನು ಬರುತ್ತಲೇ ಇರಲಿಲ್ಲ.

#6 ಹುಣಸೂರಿಂದ

ಭಟ್ಕಳದ ಅಣ್ಣ ಬರೆದದ್ದು ಓದಿ ಸಂತೋಷವಾಯಿತು. ನಮ್ಮ ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಜನ ಎಷ್ಟೋ ವರ್ಷದಿಂದ ಆಫ್ರಿಕಾಕ್ಕೆ ಹೋಗಿಬರುತ್ತಾರೆ. ಗಿಡಮೂಲಿಕೆ ಎಣ್ಣೆ, ಔಷಧಿ ಮಾರುವುದು. ಯುದ್ಧ ಶುರುವಾದಾಗ ಕರ್ನಾಟಕದ 31 ಜನ ಎಲ್ ಫಾಶರ್‌ನಲ್ಲಿ ಸಿಕ್ಕಿಬಿದ್ದಿದ್ದರು. ಆಗ ವಿಧಾನಸಭೆ ಚುನಾವಣೆ ಕಾಲ. ಸಿದ್ದರಾಮಯ್ಯ ಅವರ ಟ್ವೀಟ್, ವಿದೇಶಾಂಗ ಸಚಿವ ಜೈಶಂಕರ್ ಅವರ ಉತ್ತರ, ಟಿವಿಯಲ್ಲಿ ಅದೇ ಜಗಳ. ಜನ ಎಲ್ ಫಾಶರ್ ಹೆಸರು ಕೇಳಿದ್ದು ಆಗಲೇ. ಚುನಾವಣೆ ಮುಗಿಯಿತು, ನಮ್ಮವರು ವಾಪಸ್ ಬಂದರು, ಎಲ್ ಫಾಶರ್ ಎಲ್ಲರಿಗೂ ಮರೆತುಹೋಯಿತು.

ನನಗೆ ಕೇಳಬೇಕಾದದ್ದು ಇಷ್ಟೇ. ನಮ್ಮ ಜನರಿಗೆ ಬಾಡಿಗೆ ಮನೆ ಕೊಟ್ಟ, ಎಣ್ಣೆ ಕೊಂಡ ಆ ಊರಿನವರು ಏನಾದರು? ಖಾರ್ಟೂಮ್ ಗೆದ್ದಿದ್ದಕ್ಕೆ ಎಲ್ ಫಾಶರ್ ಬೆಲೆ ಕೊಟ್ಟಿತು ಎಂದು ಕೆಲವರು ಬರೆಯುತ್ತಾರೆ. ನಿಜವಾ?

#7 ಟೀಚರ್ ಶಿವಮೊಗ್ಗ

ಹುಣಸೂರಿನವರ ಪ್ರಶ್ನೆಗೆ ತಿಳಿದವರು ಉತ್ತರಿಸಲಿ. ಅದಕ್ಕೆ ಮೊದಲು ಒಂದು ಮಾತು ಹೇಳಲೇಬೇಕು. ಇಲ್ಲಿ ಸೇನೆ ಎಂದರೆ ಸರ್ಕಾರ, ಎದುರಿಗಿರುವವರು ಬಂಡುಕೋರರು ಎಂಬಂತೆ ಓದಿಕೊಂಡು ಹೋಗುತ್ತಿದ್ದೇವೆ. 2019ರ ಏಪ್ರಿಲ್‌ನಲ್ಲಿ ಒಮರ್ ಅಲ್ ಬಶೀರ್‌ನ ಮೂವತ್ತು ವರ್ಷದ ಆಡಳಿತ ಉರುಳಿದ್ದು ಬೀದಿಗೆ ಬಂದ ಜನರಿಂದ. ಅದರಲ್ಲಿ ಹೆಂಗಸರೇ ಮುಂದೆ ಇದ್ದರು. ಜೂನ್ 3ರಂದು ಅದೇ ಸೇನಾ ಪ್ರಧಾನ ಕಚೇರಿಯ ಮುಂದೆ ಧರಣಿ ಕೂತವರನ್ನು ಕೊಂದರು. ಆಗ ಬುರ್ಹಾನ್ ಮತ್ತು ಹೆಮೆಟ್ಟಿ ಒಂದೇ ಕಡೆ ಇದ್ದರು. 2021ರ ಅಕ್ಟೋಬರ್ 25ರಂದು ಪ್ರಧಾನಿ ಅಬ್ದಲ್ಲಾ ಹಮ್ದೋಕ್ ಅವರನ್ನು ಕೆಳಗಿಳಿಸಿದ್ದೂ ಇಬ್ಬರೂ ಸೇರಿಯೇ. ಜನ ಕೇಳಿದ್ದು ಸೈನಿಕರು ಬ್ಯಾರಕ್‌ಗೆ ಹೋಗಲಿ, ಜಂಜವೀದ್ ಚದುರಲಿ ಎಂದು. ಆ ಬೇಡಿಕೆ ಇಂದಿಗೂ ಹಾಗೇ ಇದೆ.

ಖಾರ್ಟೂಮ್‌ನಲ್ಲಿ ಎರಡು ವರ್ಷ ಜನರನ್ನು ಬದುಕಿಸಿದ್ದು ಯಾರು? ತುರ್ತು ಸ್ಪಂದನ ಕೊಠಡಿಗಳು. ಅದೇ 2019ರ ಬಡಾವಣೆ ಸಮಿತಿಗಳ ಹುಡುಗ ಹುಡುಗಿಯರು. ತಕಾಯಾ ಎಂಬ ಸಮುದಾಯ ಅಡುಗೆಮನೆ ನಡೆಸಿದರು. ದೊಡ್ಡ ಪಾತ್ರೆಯಲ್ಲಿ ಬೇಳೆ, ಫೂಲ್ ಎಂಬ ಕಾಳು ಬೇಯಿಸಿ ಬೀದಿಯವರಿಗೆಲ್ಲ ಹಂಚುವುದು. ಬಾವಿ ತೋಡಿದರು, ಹೆರಿಗೆ ಮಾಡಿಸಿದರು, ಹೆಣ ಹೂಳಿದರು. ಹೊರದೇಶದಲ್ಲಿರುವ ಸುಡಾನಿಗಳು ಫೋನ್‌ನಲ್ಲಿ ಕಳಿಸಿದ ದುಡ್ಡೇ ಹೆಚ್ಚಿನ ಬಂಡವಾಳ. ಇವರನ್ನು ಆರ್‌ಎಸ್‌ಎಫ್ ಹಿಡಿಯಿತು, ಸೇನೆಯೂ ಹಿಡಿಯಿತು. ಎರಡೂ ಕಡೆಗೆ ಇವರು ಬೇಹುಗಾರರು. 2025ರಲ್ಲಿ ಇವರಿಗೆ ನಾರ್ವೆಯ ರಾಫ್ಟೋ ಪ್ರಶಸ್ತಿ ಬಂತು, ರೈಟ್ ಲೈವ್ಲಿಹುಡ್ ಪ್ರಶಸ್ತಿಯೂ ಬಂತು. ಯಾರು ಗೆದ್ದರು ಎಂದು ಮಾತಾಡುವಾಗ ಇವರ ಹೆಸರು ಬರಲೇಬೇಕು.

#8 ಹೊಸಬ ಓದುಗ

ಎಲ್ಲ ಓದಿದೆ, ತುಂಬಾ ತಿಳಿಯಿತು. ಆದರೂ ಮೇಡಂ, ಆರ್‌ಎಸ್‌ಎಫ್ ಇಷ್ಟು ಕೆಟ್ಟದ್ದು ಎಂದ ಮೇಲೆ ಸೇನೆ ಖಾರ್ಟೂಮ್ ಗೆದ್ದಿದ್ದು ಒಳ್ಳೆಯದೇ ಅಲ್ವಾ? ಜನ ಮನೆಗೆ ಬಂದರಲ್ಲ?

#9 ನೀಲಿ ನೈಲ್

@ಹೊಸಬ ಓದುಗ, ಬಂದರು. ಅದನ್ನು ಸಣ್ಣದು ಎನ್ನುವ ಹಕ್ಕು ನಮಗಿಲ್ಲ. 2025ರ ಮಧ್ಯದ ಹೊತ್ತಿಗೆ ಹತ್ತು ಲಕ್ಷಕ್ಕೂ ಹೆಚ್ಚು ಜನ ತಮ್ಮ ಊರಿಗೆ ಮರಳಿದ್ದರು. ಅವರಲ್ಲಿ ಹೆಚ್ಚಿನವರು ಹೋಗಿದ್ದು ಗೆಜೀರಾಕ್ಕೆ. ಸೈನಿಕರು ಬೀದಿಗೆ ಬಂದಾಗ ಹೆಂಗಸರು ಉಲುಲು ಎಂದು ಸಂತೋಷದ ಕೂಗು ಹಾಕಿ ಅತ್ತಿದ್ದು ಸುಳ್ಳಲ್ಲ. ವರ್ಷಗಟ್ಟಲೆ ಲೂಟಿ, ಅತ್ಯಾಚಾರ, ಒತ್ತೆಹಣ ಕಂಡವರಿಗೆ ಅದು ಬಿಡುಗಡೆಯೇ. ಅವರ ಮನೆಯ ಹಾಸಿಗೆ, ಟಿವಿ, ಕಿಟಕಿ ಕದ ತನಕ ದಗಲೋ ಮಾರುಕಟ್ಟೆ ಎಂದು ಹೆಸರಾದ ಸಂತೆಗಳಲ್ಲಿ ಬಿಕರಿಯಾಗಿತ್ತು.

ಆದರೆ ಸೇನೆಯ ಕೈಯೂ ಶುದ್ಧವಿಲ್ಲ. ವಾದ್ ಮದನಿ ಮರಳಿ ಸಿಕ್ಕ ವಾರದಲ್ಲೇ ಸುತ್ತಲಿನ ಕನಾಬಿಗಳ ಮೇಲೆ ದಾಳಿ ಆಯಿತು. ಹತ್ತಿ ಕೆಲಸಕ್ಕೆಂದು ತಲೆಮಾರುಗಳ ಹಿಂದೆ ಪಶ್ಚಿಮದಿಂದ ಬಂದ ಕೂಲಿಗಳ ಕೇರಿಗಳು ಅವು. ಆರ್‌ಎಸ್‌ಎಫ್ ಜೊತೆ ಸೇರಿದ್ದೀರಿ ಎಂದು ಆರೋಪಿಸಿ ಕೊಂದರು. ಕಂಬೋ ತೈಬಾ ಎಂಬ ಕೇರಿಯ ದಾಳಿಯಲ್ಲಿ ಬಂದ ಹೆಸರು ಯಾರದು ಗೊತ್ತಾ? ಕೆಯ್ಕಲ್‌ನ ಪಡೆಯದ್ದೇ. ಪಕ್ಷ ಬದಲಿಸಿದ ಕೂಡಲೇ ಸೇನೆ ಅವನ ಹಳೆಯದ್ದನ್ನೆಲ್ಲ ಮನ್ನಾ ಮಾಡಿತ್ತು. ಗೆಲುವಿಗೆ ಅವನು ಬೇಕಾಗಿದ್ದ, ನಿಜ. ಆದರೆ ಅವನು ಆರ್‌ಎಸ್‌ಎಫ್‌ನಲ್ಲಿದ್ದಾಗ ಊರು ಕಳೆದುಕೊಂಡವರು ಯಾರ ಹತ್ತಿರ ದೂರು ಕೊಡಬೇಕು?

ಅರಮನೆ ಮರಳಿ ಸಿಕ್ಕಿ ಮೂರು ದಿನಕ್ಕೆ, ಮಾರ್ಚ್ 24ರಂದು, ಉತ್ತರ ದಾರ್ಫುರ್‌ನ ತೋರಾ ಎಂಬ ಹಳ್ಳಿಯ ಸಂತೆಯ ಮೇಲೆ ಸೇನೆಯ ವಿಮಾನ ಬಾಂಬ್ ಹಾಕಿತು. ಸತ್ತವರು ನೂರಾರು ಎಂದು ಅಲ್ಲಿಂದ ವರದಿ ಬಂತು. ಅದೇ ವರ್ಷ ಜನವರಿಯಲ್ಲಿ ಅಮೆರಿಕ 7ಕ್ಕೆ ಹೆಮೆಟ್ಟಿ ಮೇಲೆ, 16ಕ್ಕೆ ಬುರ್ಹಾನ್ ಮೇಲೆ ನಿರ್ಬಂಧ ಹಾಕಿತು. ಆರ್‌ಎಸ್‌ಎಫ್ ಮಾಡಿದ್ದು ನರಮೇಧ ಎಂದೂ ಆಗಲೇ ಹೇಳಿತು.

#10 ಭೂಪಟ ನೋಡುವವ

ಹುಣಸೂರಿನವರಿಗೆ ನನಗೆ ತಿಳಿದಷ್ಟು.

ಎಲ್ ಫಾಶರ್ ಮುತ್ತಿಗೆ ಗಟ್ಟಿಯಾದದ್ದು 2024ರ ಮೇ ತಿಂಗಳಿಂದ. ಮುತ್ತಿಗೆ ನಿಲ್ಲಿಸಿ ಎಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಜೂನ್‌ನಲ್ಲಿ 2736ನೇ ನಿರ್ಣಯ ಮಾಡಿತು. ಯಾರೂ ಕೇಳಲಿಲ್ಲ. ಪಕ್ಕದ ಜಮ್‌ಜಮ್ ನಿರಾಶ್ರಿತರ ಶಿಬಿರದಲ್ಲಿ ಆಗಸ್ಟ್‌ನಲ್ಲಿ ಬರಗಾಲ ಘೋಷಣೆಯಾಯಿತು. 2025ರ ಏಪ್ರಿಲ್‌ನಲ್ಲಿ, ಅಂದರೆ ಖಾರ್ಟೂಮ್ ಬಿಟ್ಟ ಎರಡು ವಾರದಲ್ಲಿ, ಆರ್‌ಎಸ್‌ಎಫ್ ಆ ಶಿಬಿರಕ್ಕೇ ನುಗ್ಗಿತು. ಲಕ್ಷಾಂತರ ಜನ ಅಲ್ಲಿಂದ ತವೀಲಾ ಎಂಬ ಊರಿನ ಕಡೆ ನಡೆದರು. ಆಮೇಲೆ ಆರ್‌ಎಸ್‌ಎಫ್‌ನವರು ಎಲ್ ಫಾಶರ್ ಸುತ್ತ ಮಣ್ಣಿನ ದಿಬ್ಬ ಎತ್ತಿದರು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ತಂಡ ಉಪಗ್ರಹ ಚಿತ್ರದಲ್ಲಿ ಆ ದಿಬ್ಬ ಬೆಳೆಯುವುದನ್ನು ವಾರ ವಾರ ತೋರಿಸುತ್ತಿತ್ತು. ಒಳಗೆ ಜನ ಅಂಬಾಜ್ ತಿನ್ನುತ್ತಿದ್ದರು. ಶೇಂಗಾ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿ ಅದು, ದನಕ್ಕೆ ಹಾಕುವುದು. ಅಕ್ಟೋಬರ್ 26ಕ್ಕೆ ಊರು ಬಿತ್ತು. ಸೌದಿ ಆಸ್ಪತ್ರೆಯಲ್ಲಿ ರೋಗಿಗಳು ಮತ್ತು ಜೊತೆಗಿದ್ದವರು ಸೇರಿ 460ಕ್ಕೂ ಹೆಚ್ಚು ಜನರನ್ನು ಕೊಂದರು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಕೊಂದವರು ತಾವೇ ವಿಡಿಯೋ ಮಾಡಿ ಹಾಕಿದರು.

ಖಾರ್ಟೂಮ್‌ಗೆ ಎಲ್ ಫಾಶರ್ ಬೆಲೆ ಕೊಟ್ಟಿತಾ ಎಂದರೆ, ಒಂದರ್ಥದಲ್ಲಿ ಹೌದು. ನದಿಗಳ ನಡುವೆ ಸೋತ ಆರ್‌ಎಸ್‌ಎಫ್ ತನ್ನ ಎಲ್ಲ ಬಲವನ್ನು ಪಶ್ಚಿಮಕ್ಕೆ ತಿರುಗಿಸಿತು. ಚಾಡ್ ಮತ್ತು ಲಿಬಿಯಾ ಕಡೆಯಿಂದ ಅದಕ್ಕೆ ಸಾಮಾನು ಬರುವ ದಾರಿ ತೆರೆದೇ ಇತ್ತು. ಯುಎಇ ಶಸ್ತ್ರ ಕಳಿಸುತ್ತಿದೆ ಎಂಬ ಆರೋಪ ಮತ್ತೆ ಮತ್ತೆ ಬಂದಿದೆ, ಯುಎಇ ಅದನ್ನು ಅಲ್ಲಗಳೆಯುತ್ತದೆ. ಸೇನೆಗೆ ಅಷ್ಟು ದೂರದ ಮರಳುಗಾಡಿನಲ್ಲಿ ಒಂದು ಊರು ಕಾಪಾಡಲು ದಾರಿ ಇರಲಿಲ್ಲ. ವಿಮಾನದಿಂದ ಸಾಮಾನು ಬೀಳಿಸುತ್ತಿದ್ದರು. ಆರ್‌ಎಸ್‌ಎಫ್‌ಗೆ ವಿಮಾನ ಹೊಡೆಯುವ ಶಸ್ತ್ರ ಸಿಕ್ಕಮೇಲೆ ಅದೂ ನಿಂತಿತು.

ಇದನ್ನೇ ನಾನು ಎರಡನೇ ಪೋಸ್ಟಿನಲ್ಲಿ ಹೇಳಿದ್ದು. ಎಲ್ ಫಾಶರ್ ಜನ ಹದಿನೆಂಟು ತಿಂಗಳು ಹೋರಾಡಿದರು. ಸಿಟ್ಟೂ ಇತ್ತು, ಧೈರ್ಯವೂ ಇತ್ತು. ದಾರಿ ಇರಲಿಲ್ಲ.

#11 ನೀಲಿ ನೈಲ್

@ಭೂಪಟ ನೋಡುವವ, ನಿಮ್ಮ ಈ ಮಾತಿಗೆ ಎದುರು ಹೇಳಲು ನನ್ನ ಹತ್ತಿರ ಏನೂ ಇಲ್ಲ. ಜನರ ವಿರೋಧ ಮತ್ತು ಸಾಮಾನು ಬರುವ ದಾರಿ, ಎರಡೂ ಸೇರಿದ್ದು ನೈಲ್ ದಡದಲ್ಲಿ ಮಾತ್ರ.

#12 ಹುಣಸೂರಿಂದ

ಉತ್ತರಕ್ಕೆ ಧನ್ಯವಾದ ಸರ್. ಓದಲು ಕಷ್ಟವಾಯಿತು, ಆದರೂ ಬರೆದಿರಿ. ಈಗ ಯುದ್ಧ ಎಲ್ಲಿದೆ?

#13 ಭೂಪಟ ನೋಡುವವ

ಕೊರ್ಡೊಫಾನ್. ದಾರ್ಫುರ್‌ಗೂ ಖಾರ್ಟೂಮ್‌ಗೂ ನಡುವಿನ ಬಯಲು. ಅಲ್ಲಿ ಎಲ್ ಒಬೈದ್ ದೊಡ್ಡ ಊರು. ಅದರ ಮುತ್ತಿಗೆಯನ್ನು ಸೇನೆ 2025ರ ಫೆಬ್ರವರಿಯಲ್ಲಿ ಮುರಿದಿತ್ತು. ಎಲ್ ಫಾಶರ್ ಬೀಳುವ ಹೊತ್ತಿಗೇ ಆರ್‌ಎಸ್‌ಎಫ್ ಅದರ ಉತ್ತರದ ಬಾರಾ ಊರನ್ನು ಹಿಡಿಯಿತು. ಡಿಸೆಂಬರ್ ಮೊದಲ ವಾರದಲ್ಲಿ ಬಾಬನೂಸಾ, ಅದರ ಬೆನ್ನಿಗೇ ಹೆಗ್ಲಿಗ್ ತೈಲ ಬಾವಿಗಳು ಹೋದವು. ಖಾರ್ಟೂಮ್‌ನ ಮೇಲೂ ದೂರದಿಂದ ಡ್ರೋನ್ ಬರುತ್ತವೆ. ವಿದ್ಯುತ್ ಕೇಂದ್ರ ಹೊಡೆದರೆ ನೀರಿನ ಪಂಪು ನಿಲ್ಲುತ್ತದೆ. 2025ರ ಮೇ ತಿಂಗಳಲ್ಲಿ ಅಲ್ಲಿ ಕಾಲರಾ ಹಬ್ಬಿದ್ದರ ಹಿಂದೆ ಅದೂ ಒಂದು ಕಾರಣ.

#14 ಟೀಚರ್ ಶಿವಮೊಗ್ಗ

ಒಂದು ಸೇರಿಸುತ್ತೇನೆ. 2003-04ರ ದಾರ್ಫುರ್ ಹತ್ಯೆಗಳಿಗಾಗಿ ಜಂಜವೀದ್ ನಾಯಕ ಅಲಿ ಕುಶೈಬ್ ತಪ್ಪಿತಸ್ಥ ಎಂದು ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ 2025ರ ಅಕ್ಟೋಬರ್ 6ರಂದು ತೀರ್ಪು ಕೊಟ್ಟಿತು. ಇಪ್ಪತ್ತು ವರ್ಷ ಹಿಡಿಯಿತು. ದಾರ್ಫುರ್ ವಿಷಯದಲ್ಲಿ ಆ ನ್ಯಾಯಾಲಯದ ಮೊದಲ ದೋಷಿ ತೀರ್ಪು ಅದೇ. ಅದಾಗಿ ಇಪ್ಪತ್ತು ದಿನಕ್ಕೆ ಎಲ್ ಫಾಶರ್ ಬಿತ್ತು. ಈ ಸಲ ಸಾಕ್ಷಿ ಉಪಗ್ರಹದಲ್ಲಿದೆ, ಕೊಂದವರ ಫೋನ್‌ನಲ್ಲೇ ಇದೆ. ಮತ್ತೆ ಇಪ್ಪತ್ತು ವರ್ಷ ಕಾಯಿಸಬಾರದು.

#15 ಸಿಂಧನೂರು ಎಡದಂಡೆ

ನೀಲಿ ನೈಲ್ ಅವರಿಗೆ ಒಂದು ಪ್ರಶ್ನೆ. ಗೆಜೀರಾಕ್ಕೆ ಜನ ವಾಪಸ್ ಹೋದರು ಎಂದಿರಿ. ಕಾಲುವೆಯ ಹೂಳು ತೆಗೆದರಾ? ಬಿತ್ತನೆ ನಡೆಯಿತಾ? ಅದು ನಡೆದರೆ ಕೊರ್ಡೊಫಾನ್‌ನಿಂದ ಓಡಿಬರುವವರಿಗೂ ಹೊಟ್ಟೆಗೆ ಸಿಗುತ್ತದೆ. ಇಲ್ಲದಿದ್ದರೆ ಮನೆಗೆ ಬಂದವರೂ ಮತ್ತೆ ಹೊರಡಬೇಕು.

#16 ನೀಲಿ ನೈಲ್

ಬಿತ್ತುತ್ತಿದ್ದಾರೆ ಸರ್. ಎಲ್ಲ ಕಡೆ ಅಲ್ಲ. ಟ್ರಾಕ್ಟರ್ ಹೋದವರು ಬಾಡಿಗೆಗೆ ತರಬೇಕು, ಡೀಸೆಲ್ ಬೆಲೆ ಜಾಸ್ತಿ, ಕೈಯಲ್ಲಿ ಹಣ ಇಲ್ಲ. ಮುಚ್ಚಿಹೋದ ಉಪಕಾಲುವೆಗಳನ್ನು ಕೆಲವು ಕಡೆ ಊರವರೇ ಚಂದಾ ಎತ್ತಿ ತೆಗೆಸಿದ್ದಾರೆ. ಅಲ್ಲಿ ಮೊದಲು ಹಾಕುವುದು ಜೋಳ. ಹತ್ತಿ ಆಮೇಲೆ.